ಇಬ್ಬರು ಪ್ರಗತಿಪರ ಸಾಕ್ಷಿಗಳು, ಒಂದು ಮನೆ

ಕಳೆದ ವಿಧಾನಸಭಾ ಚುನಾವಣೆಯ ವರ್ಷ ನಾನಿನ್ನೂ ಹುಬ್ಬಳ್ಳಿಯ ಸಿವಿಲ್ ಕೋರ್ಟಿನಲ್ಲಿ ವಕೀಲನಾಗಿದ್ದೆ. ನನ್ನ ಕರಿಕೋಟು ನನಗಿಂತ ಮೊದಲೇ ನಿವೃತ್ತವಾಗಿತ್ತು. ಆಗ ಬಂದ ಕಕ್ಷಿದಾರಳು ಶಮೀಮ್. ವಿದ್ಯಾನಗರದ ಆಸ್ಪತ್ರೆಯೊಂದರಲ್ಲಿ ನರ್ಸ್, ವಿಧವೆ.

ಆಕೆ ಇದ್ದದ್ದು ನಮ್ಮ ಮೊಹಲ್ಲಾದ ಜಮಾತಿಗೆ, ಅಂದರೆ ಮಸೀದಿಯ ಸಮುದಾಯ ಸಂಸ್ಥೆಗೆ, ಸೇರಿದ ಬಾಡಿಗೆ ಮನೆಯಲ್ಲಿ. ಕರಾರು ಮುಗಿದಿತ್ತು, ಜಮಾತಿನ ಕಮಿಟಿ ಮನೆಯನ್ನು ಕೆಡವಿ ಮಳಿಗೆ ಕಟ್ಟಲು ಹೊರಟಿತ್ತು. ತಕರಾರು ಎತ್ತುವ ಹಕ್ಕು ಜಮಾತಿನ ಸದಸ್ಯರಿಗೆ ಮಾತ್ರ. ಸದಸ್ಯತ್ವ ಮನೆಗೊಂದು, ಅದೂ ಗಂಡಸಿಗೆ. ಗಂಡ ತೀರಿದ ಮೇಲೆ ಆ ಮನೆಗೆ ಬಾಯಿಯೇ ಇರಲಿಲ್ಲ.

ನಮಗೊಂದು ಹಳೆಯ ನಿದರ್ಶನವಿತ್ತು. ಶಮೀಮಳ ಅತ್ತೆ ವಿಧವೆಯಾದಾಗ ಆಕೆಗೆ ಸದಸ್ಯತ್ವ ಸಿಕ್ಕಿತ್ತು. ಕೊಡಿಸಿದವರು ನನ್ನ ಇಬ್ಬರು ಗೆಳೆಯರು: ಪ್ರೊಫೆಸರ್ ಗೌಸ್ ಮತ್ತು ಕಾರ್ಮಿಕ ಸಂಘದ ನದಾಫ್. ಜಮಾತಿನ ಸಭೆಯಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ನಿಂತು ಕೂಗಾಡಿದ್ದರು. ಆ ಸಭೆಗೆ ಬದುಕಿ ಉಳಿದಿದ್ದ ದಾಖಲೆಗಳೆಂದರೆ ಇವರಿಬ್ಬರೇ. ಇಬ್ಬರಿಂದಲೂ ಅಫಿಡವಿಟ್, ಅಂದರೆ ಪ್ರಮಾಣ ಮಾಡಿದ ಲಿಖಿತ ಹೇಳಿಕೆ, ಪಡೆದು ತಡೆಯಾಜ್ಞೆ ಕೇಳಿದೆ.

ಅಷ್ಟರಲ್ಲಿ ಚುನಾವಣೆ ಬಂತು. ಜಾತ್ಯತೀತ ಮತ ಒಡೆಯಬಾರದೆಂದು ಗೌಸ್ ದೊಡ್ಡ ಪಕ್ಷದ ವೇದಿಕೆ ಏರಿದರು. ಜಾತ್ಯತೀತತೆ ಯಾರಪ್ಪನ ಆಸ್ತಿಯೂ ಅಲ್ಲವೆಂದು ನದಾಫ್ ಸಣ್ಣ ಪಕ್ಷ ಸೇರಿದರು. ಈ ಮಹನೀಯರು ಚಹಾದಂಗಡಿಯಲ್ಲೂ ಪ್ರತ್ಯೇಕ ಮೇಜು ಹಿಡಿದರು.

"ಗೌಸಭಾಯಿ, ಕೋರ್ಟಿನ ಆದೇಶ ಬರೂತನಕ ಇಬ್ಬರೂ ಬಾಯಿ ಮುಚ್ಚಿಕೊಂಡಿರ್ರಿ," ಎಂದೆ.

"ಮೊದಲ ಅವಗ ಹೇಳ್ರಿ, ವಕೀಲಸಾಬ."

ನದಾಫರೂ ಅದನ್ನೇ ಅಂದರು. ಅವರ ನಡುವೆ ಉಳಿದ ಕೊನೆಯ ಒಮ್ಮತ ಅದು.

ವಿಚಾರಣೆಯ ದಿನ ಎದುರಿನ ವಕೀಲರು ಎರಡು ಪತ್ರಿಕಾ ವರದಿಗಳನ್ನು ಮುಂದಿಟ್ಟರು. ಪ್ರಚಾರಸಭೆಯೊಂದರಲ್ಲಿ ಗೌಸ್, ಶಮೀಮಳ ಅತ್ತೆಗೆ ಸದಸ್ಯತ್ವ ಕೊಡಿಸಿದ್ದು ತಾನೊಬ್ಬನೇ, ನದಾಫ್ ಸಭೆಗೇ ಬಂದಿರಲಿಲ್ಲ ಎಂದಿದ್ದರು. ನದಾಫ್ ಮರುದಿನವೇ ಗರ್ಜಿಸಿದ್ದರು: ಗೌಸ್ ಅಂದು ಊರಲ್ಲೇ ಇರಲಿಲ್ಲ! ಅಫಿಡವಿಟ್ಟಿನಲ್ಲಿ ಮಾತ್ರ ಪ್ರತಿಯೊಬ್ಬರೂ ಇನ್ನೊಬ್ಬರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದರು.

"ವಕೀಲರೇ, ನಿಮ್ಮ ಸಾಕ್ಷಿಗಳೇ ಒಬ್ಬರನ್ನೊಬ್ಬರು ಸುಳ್ಳುಗಾರ ಅಂತಿದ್ದಾರೆ. ನಾನು ಯಾರನ್ನು ನಂಬಲಿ?" ಎಂದರು ನ್ಯಾಯಾಧೀಶರು.

ನಾನೂ ಅದನ್ನೇ ಯೋಚಿಸುತ್ತಿದ್ದೆ. ತಡೆಯಾಜ್ಞೆ ಸಿಗಲಿಲ್ಲ.

ಶಮೀಮ್ ಸಾಮಾನು ಟೆಂಪೋಗೆ ಹೇರುವ ಹೊತ್ತಿಗೆ ಇಬ್ಬರೂ ಬಂದರು. ಬೇರೆ ಬೇರೆಯಾಗಿ, ತಮ್ಮ ತಮ್ಮ ಕಾರ್ಯಕರ್ತರು ಮತ್ತು ಕ್ಯಾಮೆರಾ ಸಮೇತ.

"ಬೆಹನ್, ನಿಮ್ಮ ಸಲುವಾಗಿ ನಾಳೆ ದೊಡ್ಡ ಭಾಷಣ ಐತಿ," ಎಂದರು ಗೌಸ್.

"ನಂದೂ ಐತಿ," ಎಂದರು ನದಾಫ್.

ಶಮೀಮ್ ಗ್ಯಾಸ್ ಸಿಲಿಂಡರ್ ಕೆಳಗಿಟ್ಟಳು. "ಬ್ಯಾಡ್ರಿ ಭಾಯಿಸಾಬ. ನೀವಿಬ್ಬರೂ ಸುಮ್ಮನಿದ್ದಿದ್ರ ನನ್ನ ಮನಿ ಉಳೀತಿತ್ತು."

ಎದುರಾಳಿಯ ಸಾಕ್ಷಿಯನ್ನು ಎದುರಿಸಲು ಕಾನೂನು ಪಾಟೀಸವಾಲು ಕೊಟ್ಟಿದೆ. ನಮ್ಮವರಿಂದ ಕಕ್ಷಿದಾರರನ್ನು ಕಾಯುವ ಕಲಮು ಎಲ್ಲೂ ಇಲ್ಲ. ಸಾಕ್ಷಿಯನ್ನು ಕರೆಯುವ ಮೊದಲು, ಏನು ಕಂಡಿರಿ ಎಂದು ಕೇಳುವುದು ವಕೀಲರ ವಾಡಿಕೆ. ಆ ಕೇಸಿನ ನಂತರ ನಾನು ಇನ್ನೊಂದನ್ನು ಕೇಳತೊಡಗಿದೆ: ಇದರ ಕೀರ್ತಿ ಇನ್ನೊಬ್ಬರಿಗೆ ಹೋದರೂ ಬಂದು ಹೇಳುತ್ತೀರಾ?