ಅವ್ವ ಬಿಟ್ಟ ಪೇರಲ

ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ಕಾಯಿಪಲ್ಲೆಯನ್ನೋ ಅಲ್ಲಿಯೇ ಬಿಟ್ಟು ಬರಬೇಕು ಎಂಬ ಪದ್ಧತಿ ನಿಮಗೂ ಗೊತ್ತಿದ್ದೀತು. ಯಾವುದು ಪ್ರಿಯ ಎಂಬುದನ್ನು ಬಿಡುವವರ ಪ್ರಾಮಾಣಿಕತೆಗೇ ಒಪ್ಪಿಸಿದ್ದು ಪದ್ಧತಿ ಮಾಡಿದವರ ಭೋಳೆತನ. ನಮ್ಮ ಅಪ್ಪ ಹಾಗಲಕಾಯಿ ಬಿಟ್ಟು ಬಂದರು. ಅದನ್ನು ಅವರು ಮೊದಲೂ ಮುಟ್ಟುತ್ತಿರಲಿಲ್ಲ. ಕಾಶಿಯಿಂದ ಬಂದ ಮೇಲೆ ಮುಟ್ಟದಿರುವುದಕ್ಕೆ ಪುಣ್ಯವೂ ಸೇರಿತು, ಅಷ್ಟೆ. ಅವ್ವ ಮಾತ್ರ ಪೇರಲಹಣ್ಣು ಬಿಟ್ಟಳು. ಪೇರಲವೆಂದರೆ ಊಟ ಬಿಟ್ಟು ಏಳುತ್ತಿದ್ದವಳು. ಯಾಕೆ ಎಂದು ಕೇಳಿದರೆ, ಗಂಗೆಯ ದಂಡೆಯ ಮೇಲೆ ಅದೇ ನೆನಪಾಯಿತು ಎಂದಳು. ನಾವೂ ಹೆಚ್ಚು ಕೆದಕಲಿಲ್ಲ.

ಅದಾಗಿ ಕೆಲವು ವರ್ಷಗಳ ಮೇಲೆ, ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು, ನಾನು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಸಂಸ್ಕೃತ ಕಲಿಸುತ್ತಿದ್ದೆ. ನನ್ನ ಹೆಂಡತಿ ಸುಮಿತ್ರಾ ಚೊಚ್ಚಲ ಬಸುರಿ. ಅನ್ನದ ವಾಸನೆ ಬಂದರೆ ವಾಂತಿ, ಹಾಲು ಕಂಡರೆ ವಾಂತಿ, ಸೊರಗಿ ಕಡ್ಡಿಯಾಗಿದ್ದಳು. ಹೊಟ್ಟೆಯಲ್ಲಿ ಏನಾದರೂ ನಿಲ್ಲದಿದ್ದರೆ ತಾಯಿಗೂ ಕೂಸಿಗೂ ಕಷ್ಟ ಎಂದು ಡಾಕ್ಟರರು ಹೇಳಿದ್ದರು. ನನಗೆ ಬಹಳ ಭಯವಾಗಿತ್ತು. ಭಯವಾದಾಗ ನಾನು ಗ್ರಂಥ ತಿರುವಿಹಾಕುವವನು. ಬಸುರಿಯ ಬಯಕೆಗೆ ದೋಹದ ಎನ್ನುತ್ತಾರೆ. ಗಿಡಗಳಿಗೂ ದೋಹದವುಂಟಂತೆ, ಸುಂದರಿ ಒದ್ದರೆ ಅಶೋಕ ಹೂ ಬಿಡುತ್ತದಂತೆ. ಇದನ್ನು ಸುಮಿತ್ರಾಳಿಗೂ ವಿವರಿಸಿದೆ. ಒದೆಯುವಷ್ಟು ತ್ರಾಣವಿದ್ದಿದ್ದರೆ ಅವಳು ಅಶೋಕ ಹುಡುಕಿಕೊಂಡು ಹೋಗುತ್ತಿರಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಕೊನೆಗೆ ಅವಳೇ ಬಾಯಿಬಿಟ್ಟಳು. ಪೇರಲ ಬೇಕು, ಪೇಟೆಯದಲ್ಲ, ತಾನೇ ಗಿಡದಿಂದ ಹರಿದದ್ದು. ಅತ್ತೆಯ ಎದುರು ಆ ಹೆಸರೆತ್ತಲು ಎಷ್ಟು ಹಿಂಜರಿದಿದ್ದಳೋ ಪಾಪ. ಅವ್ವ ಆ ಭಾನುವಾರವೇ ನಮ್ಮಿಬ್ಬರನ್ನೂ ಕರೆದುಕೊಂಡು ರೈಲು ಹತ್ತಿದಳು. ಪೇರಲದ ತೋಟಗಳಿಗೆ ಹೆಸರಾದ ನವಲೂರಿನಲ್ಲಿ ಇಳಿದೆವು.

ಅಲ್ಲಿಯ ತೋಟದ ಹುಸೇನಸಾಬರ ಕಾಯದೆ ಸರಳ. ಬೇಕಾದ ಗಿಡಕ್ಕೆ ಹೋಗಿ, ನೀವೇ ಹರಿದುಕೊಂಡು ಹೊಟ್ಟೆ ತುಂಬ ತಿನ್ನಿ. ಬುಟ್ಟಿಯಲ್ಲಿ ಹೊರಗೆ ಹೋಗುವುದಕ್ಕಷ್ಟೇ ತಕ್ಕಡಿ. ಟೊಂಗೆ ಮಾತ್ರ ಮುರಿಯಬಾರದು. ಇಂಥ ಸ್ವಾತಂತ್ರ್ಯ ಸಿಕ್ಕರೆ ನನ್ನಂಥವನು, ಅತಿ ಎತ್ತರದ ಹಣ್ಣೇ ಅತಿ ಸಿಹಿ ಎಂದು ತೀರ್ಮಾನಿಸುತ್ತಾನೆ. ಧೋತರ ಮೇಲೆ ಕಟ್ಟಿ, ಹತ್ತಿ, ಹಳದಿಯಾಗಿ ಹೊಳೆಯುತ್ತಿದ್ದ ಒಂದನ್ನು ತಂದುಕೊಟ್ಟೆ. ಗಿಳಿಯೊಂದು ನನಗಿಂತ ಮೊದಲೇ ಆ ತೀರ್ಮಾನಕ್ಕೆ ಬಂದು, ಹಿಂದಿನ ಅರ್ಧ ಮುಗಿಸಿ ಹೋಗಿತ್ತು. ಸುಮಿತ್ರಾ ತಾನೇ ಒಂದನ್ನು ಹರಿದು ಕಚ್ಚಿದಳು. ತೀರ ಮೆತ್ತಗಿತ್ತೋ ಏನೋ, ಉಗುಳಿ, ಗಿಡದ ಬುಡದಲ್ಲಿ ಕೂತುಬಿಟ್ಟಳು. ಕಣ್ಣಲ್ಲಿ ನೀರು. ಬಯಸಿದ್ದೂ ಸೇರದಿದ್ದರೆ ಇನ್ನೇನು ಗತಿ?

ಅವ್ವ ಎರಡು ಗಿಡ ಸುತ್ತಿದಳು. ಹೆಬ್ಬೆರಳಿನಿಂದ ಒತ್ತಿ ನೋಡಿ ಕೆಲವನ್ನು ಬಿಟ್ಟಳು, ಒಂದನ್ನು ಮೂಸಿದಳು. ಆಮೇಲೆ ಆ ಟೊಂಗೆಯನ್ನು ಸೊಸೆಯ ಕೈಗೆ ಎಟಕುವಂತೆ ಬಗ್ಗಿಸಿ ಹಿಡಿದಳು.

“ಇದನ್ನ ಹರಿ. ದೋರಗಾಯಿ ಅದ.”

ತೀರ ಕಾಯಿಯಲ್ಲ, ಪೂರಾ ಹಣ್ಣೂ ಅಲ್ಲ. ಸೆರಗಿನ ಗಂಟಿನಿಂದ ಉಪ್ಪು-ಖಾರದ ಪೊಟ್ಟಣವೂ ಹೊರಬಂತು. ಸುಮಿತ್ರಾ ಕರಕರ ಕಚ್ಚಿದಳು, ನುಂಗಿದಳು. ನಾವಿಬ್ಬರೂ ಉಸಿರು ಹಿಡಿದು ನೋಡುತ್ತ ನಿಂತೆವು. ಹೊರಗೆ ಬರಲಿಲ್ಲ. ಎರಡನೆಯದೂ ಹೊಟ್ಟೆಯಲ್ಲಿ ನಿಂತಿತು. ಮೂರನೆಯದಕ್ಕೆ ಅವಳ ಮುಖದಲ್ಲಿ ಕಳೆ ಬಂತು, ಕಳೆಯ ಜೊತೆಗೆ ಮಾತೂ ಬಂತು.

“ಇಷ್ಟು ಛಲೋ ಆರಸ್ತೀರಿ. ಇದನ್ನ ಯಾಕ ಬಿಟ್ರಿ, ಅತ್ತಿ?”

ಅವ್ವ ನನ್ನ ಕಡೆ ಒಮ್ಮೆ ನೋಡಿದಳು. “ಇವ ಮದುವಿ ಒಲ್ಲೆ ಅಂತ ಹಟಾ ಹಿಡದಿದ್ದ. ಮನಿಗೊಂದು ಛಲೋ ಸೊಸಿ ಬರಲಿ ಅಂತ ಬಿಟ್ಟೆ.”

ಖರೆ, ಆಗ ನಾನು ಮೂವತ್ತು ದಾಟಿದರೂ ಬ್ರಹ್ಮಚರ್ಯದ ಮೇಲೆ ಭಾಷಣ ಬಿಗಿಯುತ್ತ ತಿರುಗುತ್ತಿದ್ದೆ. ಸುಮಿತ್ರಾಳ ಕಣ್ಣು ಕಂಡು ನಾನೇ ಮನಸ್ಸು ಬದಲಿಸಿದೆನೆಂದು ಈವರೆಗೆ ತಿಳಿದಿದ್ದೆ. ಅದಕ್ಕೂ ಮೊದಲೇ ನನ್ನ ಭವಿಷ್ಯ ಗಂಗೆಯ ದಂಡೆಯಲ್ಲಿ ಪೇರಲಕ್ಕೆ ಕುದುರಿತ್ತು.

ಸುಮಿತ್ರಾ ಕಚ್ಚಿದ ಹಣ್ಣನ್ನು ಮಡಿಲಲ್ಲಿ ಇಟ್ಟುಕೊಂಡಳು. ತನಗಾಗಿ ಬಿಟ್ಟದ್ದನ್ನು ಬಿಟ್ಟವರ ಎದುರೇ ತಿನ್ನುವುದು ಹೇಗೆ?

“ತಿನ್ನವಾ,” ಎಂದಳು ಅವ್ವ. “ನಿನ್ನ ಸಲುವಾಗಿ ಬಿಟ್ಟದ್ದು ನೀನಽ ತಿನಬೇಕಲ್ಲ.”

ಅವಳು ಮತ್ತೆ ತಿನ್ನತೊಡಗಿದಳು, ಈ ಸಲ ನಿಧಾನವಾಗಿ. ನನ್ನಂಥವನ ಮದುವೆಗಾಗಿ ಪೇರಲ ಬಿಟ್ಟದ್ದು ನಷ್ಟದ ವ್ಯವಹಾರವೆಂದೇ ನನಗೆ ಇಂದಿಗೂ ಅನಿಸುತ್ತದೆ. ಆದರೆ ಅಂದು ಸುಮಿತ್ರಾ ನುಂಗಿದಾಗಲೆಲ್ಲ ಎದುರಿಗೆ ಕೂತ ಅವ್ವನೂ ತನ್ನ ಬರಿಬಾಯಲ್ಲಿ ಮೆಲ್ಲಗೆ ನುಂಗುತ್ತಿದ್ದಳು. ಅಷ್ಟಕ್ಕೇ ವ್ರತಭಂಗವಾಯಿತೆಂದು ಕಾಶಿಯ ಪುರೋಹಿತರು ಹೇಳುವುದಾದರೆ ಹೇಳಿಕೊಳ್ಳಲಿ.