ಬರಿಗೈಯಲ್ಲಿ ಮುಟ್ಟಬಾರದ ದೀಪ

ಊಟ ಮುಗಿಸಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವವರು ಒಂದು ಪಂಗಡ, ನೀರಿಗೆ ಬೆರಳು ತೋರಿಸಿ ಪಂಚೆಗೆ ಒರೆಸಿಕೊಳ್ಳುವವರು ಇನ್ನೊಂದು ಪಂಗಡ ಎಂದು ಮನುಕುಲವನ್ನು ವಿಂಗಡಿಸುವುದಾದರೆ, ನಾನು ಅರವತ್ತೆರಡು ವರ್ಷಗಳ ಕಾಲ ಯಾವ ಅಳುಕೂ ಇಲ್ಲದೆ ಎರಡನೆಯ ಪಂಗಡದಲ್ಲಿ ಬಾಳಿದವನು. ಮಧುಗಿರಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದಾಗ ನನ್ನ ಹಾಜರಿ ಪುಸ್ತಕದ ಹಾಳೆಗಳ ಮೂಲೆಯಲ್ಲಿ ಒಂದೊಂದು ಅರೆಪಾರದರ್ಶಕ ಬೆರಳಚ್ಚು ಇರುತ್ತಿತ್ತು. ಅದು ಉಪ್ಪಿಟ್ಟಿನದೋ ಚಿತ್ರಾನ್ನದ್ದೋ ಎಂದು ಸಹೋದ್ಯೋಗಿಗಳು ಕಿಟಕಿಯ ಬೆಳಕಿಗೆ ಹಿಡಿದು ಸಂಶೋಧನೆ ನಡೆಸುತ್ತಿದ್ದರು. ಕೈಯ ಜಿಡ್ಡಿನಿಂದ ಹಾಳೆ ಕೆಡುವುದಷ್ಟೇ ಅಲ್ಲ, ಇನ್ನೊಬ್ಬರ ಮೈಯೂ ಸುಟ್ಟೀತು ಎಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಈಗ ನಗು ಬರುವುದಿಲ್ಲ.

ನಿವೃತ್ತನಾದ ಮೇಲೆ ನಾನೂ ನನ್ನ ಹೆಂಡತಿ ಸರೋಜಳೂ ತೋವಿನಕೆರೆಗೆ ಹತ್ತಿರದ ಒಂದು ಹಳ್ಳಿಯ ಅಂಚಿನಲ್ಲಿ ಮನೆ ಕಟ್ಟಿಕೊಂಡೆವು. ನಮ್ಮ ಹಿತ್ತಿಲು ಮುಗಿದಲ್ಲಿ ಬಂಡೆ ಶುರು, ಬಂಡೆಗಳ ಸಂದಿಯಲ್ಲಿ ಮುಳ್ಳುಪೊದೆ, ಅದರಾಚೆ ಗುಡ್ಡ. ಗುಡ್ಡದಲ್ಲಿ ಚಿರತೆಯಿದೆಯೆಂದು ಮನೆ ಮುಗಿಯುವ ತನಕ ಯಾರೂ ಹೇಳಲಿಲ್ಲ. ಗೃಹಪ್ರವೇಶದ ಊಟಕ್ಕೆ ಬಂದವರೆಲ್ಲ ಪಾಯಸ ಸುರಿಯುತ್ತಾ ಹೇಳಿದರು. ಹಿತ್ತಿಲ ಗೋಡೆಯ ಆಚೆಗೆ ಕರಿಯಮ್ಮನ ಮೇಕೆ ರೊಪ್ಪ. ಹದಿನಾಲ್ಕು ಮೇಕೆಗಳನ್ನು ಹಗಲೆಲ್ಲ ಗುಡ್ಡದಲ್ಲಿ ಮೇಯಿಸಿ, ಸಂಜೆ ತಂದು ಮುಳ್ಳುಬೇಲಿಯೊಳಗೆ ಕೂಡುವ ಆಕೆ ವಯಸ್ಸಿನಲ್ಲಿ ನನಗಿಂತ ಐದಾರು ವರ್ಷ ಚಿಕ್ಕವಳು, ಧೈರ್ಯದಲ್ಲಿ ನನ್ನ ಹತ್ತು ಪಟ್ಟು. ಚಿರತೆಯ ಸುದ್ದಿ ಕೇಳಿದ ವಾರದಲ್ಲೇ ನಾನು ಗೋಡೆಯ ತುದಿಗೆ ಐನೂರು ವ್ಯಾಟಿನ ಹ್ಯಾಲೊಜೆನ್ ದೀಪವೊಂದನ್ನು ಹಾಕಿಸಿದೆ. ಹಾಕಿಸಿದ್ದು ನನ್ನ ಭಯಕ್ಕೆ. ಬೆಳಕು ಬಿದ್ದದ್ದು ಅವಳ ರೊಪ್ಪದ ಮೇಲೆ. ಹೀಗೆ ಪುಕ್ಕಲುತನವೂ ಕೆಲವೊಮ್ಮೆ ಪರೋಪಕಾರದ ವೇಷ ಹಾಕುವುದುಂಟು.

ಹೋದ ವರ್ಷ ಬೇಸಿಗೆಯ ಹೊತ್ತಿಗೆ ಆ ದೀಪ ಮೊದಲ ಸಲ ಕೆಟ್ಟಿತು. ಅದರೊಳಗಿರುವುದು ಗುಂಡನೆಯ ಬಲ್ಬಲ್ಲ. ಸೀಮೆಸುಣ್ಣದಷ್ಟು ಸಪೂರವಾದ ಗಾಜಿನ ಕೊಳವೆ, ಎರಡು ತುದಿಗೂ ಪಿಂಗಾಣಿಯ ಟೋಪಿ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವನಿಗೆ ಇದೇನು ಮಹಾ ಎಂದುಕೊಂಡು, ಎಲೆಕ್ಟ್ರಿಷಿಯನ್ನನ್ನು ಕರೆಯಿರಿ ಎಂದ ಸರೋಜಳ ಮಾತನ್ನು ಗಾಳಿಗೆ ತೂರಿ, ಬೆಣ್ಣೆದೋಸೆ ತಿಂದ ಕೈಯನ್ನು ನನ್ನ ಪಂಗಡದ ಪದ್ಧತಿಯಂತೆ ಒರೆಸಿಕೊಂಡು ಏಣಿ ಹತ್ತಿದೆ. ದೀಪದ ಮುಂಭಾಗಕ್ಕೆ ಒಂದು ದಪ್ಪ ಗಾಜಿನ ಮುಚ್ಚಳವಿತ್ತು. ತೆಗೆಯುವಾಗ ಅದು ಕೈಜಾರಿ ಕೆಳಗೆ ಬಿದ್ದು ಚೂರಾಯಿತು. ಬೆಳಕಿಗೇಕೆ ಮುಚ್ಚಳ ಎಂಬ ತತ್ತ್ವವೊಂದನ್ನು ಏಣಿಯ ಮೇಲೆಯೇ ರಚಿಸಿಕೊಂಡೆ. ಹೊಸ ಕೊಳವೆಯನ್ನು ಅದರ ಕಾಗದದ ಹೊದಿಕೆಯಿಂದ ಎಳೆದು, ನಡುವಿಗೇ ಎರಡು ಬೆರಳಲ್ಲಿ ಹಿಡಿದು ಸ್ಪ್ರಿಂಗುಗಳ ನಡುವೆ ಕೂರಿಸಿದೆ. ದೀಪ ಹತ್ತಿತು. ಆ ಸಂಜೆ ಹಿತ್ತಿಲಿನಿಂದ ಪಡಸಾಲೆಗೆ ನಾನು ನಡೆದು ಬಂದ ಠೀವಿಯನ್ನು ಸರೋಜ ಇವತ್ತಿಗೂ ನಟಿಸಿ ತೋರಿಸುತ್ತಾಳೆ.

ಒಂಬತ್ತನೆಯ ದಿನ, ದೀಪ ಹಾಕಿ ಅರ್ಧ ಗಂಟೆಯಾಗಿರಬಹುದು. ಕರಿಯಮ್ಮ ಅದರ ಬೆಳಕಿನಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಗೋಡೆಗೆ ಮೊಣಕೈಯೂರಿ ಊರ ಸುದ್ದಿ ಕೇಳುತ್ತಿದ್ದೆ. ತಲೆಯ ಮೇಲೆ ‘ಟಪ್’ ಎಂದು ಒಂದು ಸದ್ದು, ಪಟಾಕಿಗಿಂತ ಚಿಕ್ಕದು. ಬೆಳಕು ಹೋಯಿತು. ಕೆಂಪಗೆ ಕಾದ ಗಾಜಿನ ಚೂರುಗಳು ಬೀಳುವುದನ್ನು ಕತ್ತಲಲ್ಲಿ ಕಂಡೆ. ಒಂದು ಚೂರು ಕರಿಯಮ್ಮನ ಮುಂಗೈಗೆ ಬಿತ್ತು. ಅವಳು ಕಿರುಚಲಿಲ್ಲ, ಇನ್ನೊಂದು ಕೈಯಲ್ಲಿ ಕೊಡವಿದಳು. ಚೂರಿನ ಜೊತೆ ಚರ್ಮವೂ ಬಂತು.

ಸರೋಜ ತಣ್ಣೀರು ಸುರಿದಳು, ಮಾರನೆಯ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗಾಯ ಮಾಯಲು ತಿಂಗಳು ಹಿಡಿಯಿತು, ಅವರೆಕಾಳಿನಾಕಾರದ ಕಲೆಯೊಂದು ಉಳಿಯಿತು. ನೋಡಲು ಬಂದವರೆಲ್ಲ ಬಲ್ಬನ್ನು ಬೈದರು. “ಡೂಪ್ಲಿಕೇಟ್ ಮಾಲು ಕಣ್ ಮೇಷ್ಟ್ರೇ, ನೀವೇನ್ ಮಾಡೀರಿ ಬುಡಿ” ಎಂದು ಕರಿಯಮ್ಮನೇ ನನ್ನನ್ನು ಸಮಾಧಾನಪಡಿಸಿದಳು. ನಾನು ತಲೆಯಾಡಿಸಿದೆ. ಆಗ ನನಗೂ ನಿಜ ಗೊತ್ತಿರಲಿಲ್ಲ.

ಗೊತ್ತಾದದ್ದು ಕೊರಟಗೆರೆಯ ಎಲೆಕ್ಟ್ರಿಕ್ ಅಂಗಡಿಯಲ್ಲಿ. ಕಳಪೆ ಮಾಲು ಕೊಟ್ಟಿರೆಂದು ಜಗಳ ತೆಗೆಯಲು ಹೋದವನ ಮುಖವನ್ನು ಅಂಗಡಿಯವನು ಒಂದು ಗಳಿಗೆ ನೋಡಿ, “ಗಾಜನ್ನ ಕೈಯಲ್ಲಿ ಮುಟ್ಟಿದ್ರಾ ಸಾರ್?” ಎಂದ. ಬೆರಳಿನ ಎಣ್ಣೆಯಂಶ ಗಾಜಿಗೆ ಅಂಟಿದರೆ, ಉರಿಯುವಾಗ ಆ ಜಾಗವೊಂದೇ ಹೆಚ್ಚು ಕಾದು, ಗಾಜು ಸೋತು, ಒಂದು ದಿನ ಸಿಡಿಯುತ್ತದಂತೆ. ಶುಭ್ರವಾದ ಬಟ್ಟೆಯಲ್ಲಿ ಹಿಡಿಯಬೇಕು, ಅಕಸ್ಮಾತ್ ಬೆರಳು ತಗುಲಿದರೆ ಸ್ಪಿರಿಟ್ಟಿನಲ್ಲಿ ಒರೆಸಬೇಕು, ಮೇನ್ ಸ್ವಿಚ್ ತೆಗೆದಿರಬೇಕು, ದೀಪ ಪೂರ್ತಿ ಆರಿ ತಣ್ಣಗಾಗಿರಬೇಕು. ಮುಚ್ಚಳವಿಲ್ಲದೆ ಮಾತ್ರ ಎಂದೂ ಉರಿಸಬಾರದು, ಸಿಡಿದರೆ ತಡೆಯುವುದೇ ಅದು. ಅವನು ಹೇಳುತ್ತಾ ಹೋದಂತೆ ನನ್ನ ಎರಡು ಬೆರಳುಗಳು ಜೇಬಿನೊಳಗೆ ತಾವಾಗಿಯೇ ಮಡಚಿಕೊಂಡವು. ಸಂಸ್ಕೃತದಲ್ಲಿ ಸ್ನೇಹವೆಂದರೆ ಗೆಳೆತನವೂ ಹೌದು, ಎಣ್ಣೆಯೂ ಹೌದು ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿರಲಿಲ್ಲ! ನಮ್ಮ ಅಜ್ಜಿಯ ಹಣತೆ ಸ್ನೇಹದಿಂದ ಉರಿಯುತ್ತಿತ್ತು. ಈ ದೀಪ ಸ್ನೇಹದಿಂದ ಒಡೆದಿತ್ತು. ಇದರಲ್ಲಿ ನನ್ನ ಕೈವಾಡವಿತ್ತು, ಅಕ್ಷರಶಃ.

ಅದನ್ನು ಕರಿಯಮ್ಮನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮೊದಲ ವಾರ ಗಾಯ ಹಸಿಯಿದೆ ಎಂಬ ನೆಪ, ಆಮೇಲೆ ಮಾದುಹೋಯಿತಲ್ಲ ಎಂಬ ನೆಪ. ಹೊಸ ಕೊಳವೆ, ಹೊಸ ಮುಚ್ಚಳ ತಂದೆ, ಅವು ಬೀರುವಿನಲ್ಲೇ ಕೂತವು. ಏಣಿ ಕಂಡರೆ ನಾನು ಬಳಸಿ ಹೋಗುತ್ತಿದ್ದೆ. ಗೋಡೆಯ ತುದಿ ಏಳೆಂಟು ತಿಂಗಳು ಕತ್ತಲಾಗಿಯೇ ಉಳಿಯಿತು.

ಆ ಕತ್ತಲಿಗೆ ಚಿರತೆ ಬಂತು. ಒಂದು ಬೆಳಿಗ್ಗೆ ರೊಪ್ಪದ ಬೇಲಿ ಒಂದು ಕಡೆ ಕುಸಿದಿತ್ತು, ಗಬ್ಬದ ಮೇಕೆಯೊಂದು ಇರಲಿಲ್ಲ, ನಮ್ಮ ಹಿತ್ತಿಲ ಮಣ್ಣಿನಲ್ಲಿ ಎಳೆದ ಗುರುತಿತ್ತು. ಕರಿಯಮ್ಮ ಅಳಲಿಲ್ಲ, ಬೇಲಿ ಕಟ್ಟಿದಳು. ಮಧ್ಯಾಹ್ನ ಇಳಿದ ಮೇಲೆ ನಮ್ಮ ಬಾಗಿಲಿಗೆ ಬಂದು, “ಮೇಷ್ಟ್ರೇ, ರುಚಿ ನೋಡೈತೆ, ಇವತ್ತೂ ಬತ್ತೈತೆ. ಆ ಲೈಟೊಂದ್ ಹಾಕ್ಬುಡಿ” ಎಂದಳು.

ಎಲ್‌ಇಡಿ ದೀಪ ತರೋಣವೆಂದಳು ಸರೋಜ. ಬುದ್ಧಿಯ ಮಾತೇ. ಆದರೆ ಅಂದು ಭಾನುವಾರ, ಅಂಗಡಿ ಮುಚ್ಚಿತ್ತು, ಎಲೆಕ್ಟ್ರಿಷಿಯನ್ ಶಿರಾದಲ್ಲಿ ಯಾವುದೋ ಮದುವೆಗೆ ಹೋಗಿದ್ದ, ಹೊತ್ತು ಮುಳುಗಲು ಒಂದೂವರೆ ಗಂಟೆಯಿತ್ತು. ಬೀರುವಿನಲ್ಲಿ ಹ್ಯಾಲೊಜೆನ್ ಇತ್ತು.

ಮೂರು ಸಲ ಸೋಪು ಹಚ್ಚಿ ಕೈ ತೊಳೆದೆ. ಮೇನ್ ಸ್ವಿಚ್ ತೆಗೆದೆ. ಏಣಿಯ ಎರಡು ಮೆಟ್ಟಿಲು ಹತ್ತಿದವನು ಇಳಿದುಬಂದು ತೆಗೆದಿದ್ದೇನೆಯೇ ಎಂದು ನೋಡಿದೆ. ಮತ್ತೆ ಹತ್ತುವಾಗ ಊರಿನ ಕರೆಂಟೇ ಹೋಗಿದೆಯೆಂದು ಸರೋಜ ಕೂಗಿದಳು. ಹೋದದ್ದು ಯಾವ ಗಳಿಗೆಯಲ್ಲಾದರೂ ಬಂದೀತೆಂದು ಮತ್ತೊಮ್ಮೆ ಇಳಿದು ಅದೇ ಸ್ವಿಚ್ಚನ್ನು ಮುಟ್ಟಿ ನೋಡಿ ಬಂದೆ. ಏಣಿಯನ್ನು ಕರಿಯಮ್ಮ ಹಿಡಿದಿದ್ದಳು. ಹಳೆಯ ಕೊಳವೆಯ ಮುರಿದ ತುದಿಗಳನ್ನು ಇಕ್ಕಳದಿಂದ ಕಿತ್ತು ಡಬ್ಬಿಗೆ ಹಾಕಿಕೊಂಡು ಕೆಳಗೆ ನೋಡಿದರೆ, ನೇರ ನನ್ನ ಕಾಲಡಿಗೆ ಅವಳ ಮುಖ, ಏಣಿಗೆ ಒತ್ತಿದ ಮುಂಗೈಯಲ್ಲಿ ಆ ಕಲೆ.

“ದೂರ ನಿಂತ್ಕೊ ಕರಿಯಮ್ಮ.”

“ನಾನ್ ಬುಟ್ರೆ ಏಣಿ ಜಾರ್ತೈತೆ.”

ಚಿರತೆಯ ಭಯ, ಕರೆಂಟಿನ ಭಯ, ಬೀಳುವ ಭಯಗಳನ್ನೆಲ್ಲ ಸರಿಸಿ ಹಿಂದಿನಿಂದ ಇನ್ನೊಂದು ಭಯ ಮುಂದೆ ಬಂತು: ಇವಳು ನನ್ನನ್ನು ನಂಬಿ ಅಲ್ಲಿ ನಿಂತಿದ್ದಾಳೆ.

“ಅವತ್ತು ಒಡೆದದ್ದು ಡೂಪ್ಲಿಕೇಟ್ ಮಾಲಲ್ಲ,” ಎಂದೆ. “ನಾನು ಜಿಡ್ಡುಗೈಯಲ್ಲಿ ಮುಟ್ಟಿದ್ದೆ, ಅದಕ್ಕೇ ಸಿಡಿಯಿತು. ಮುಚ್ಚಳ ಒಡೆದವನೂ ನಾನೇ. ಗೊತ್ತಾದ ಮೇಲೂ ನಿನಗೆ ಹೇಳಲಿಲ್ಲ.”

ರೊಪ್ಪದಲ್ಲಿ ಒಂದು ಮೇಕೆ ಅರಚಿ ಸುಮ್ಮನಾಯಿತು.

“ಈಗ ತೊಳ್ಕಂಡಿದ್ದೀರಾ ಕೈಯ?” ಎಂದಳು.

“ಮೂರು ಸಲ.”

“ಅಂಗಾದ್ರೆ ಹಾಕಿ. ಹೊತ್ತು ಮುಳುಗ್ತೈತೆ.”

ಒಗೆದ ಕರವಸ್ತ್ರದಲ್ಲಿ ಕೊಳವೆಯನ್ನು ಹಿಡಿದು, ಹಾಲುಹಲ್ಲಿನ ಕೂಸನ್ನು ತೊಟ್ಟಿಲಿಗಿಡುವಂತೆ ಸ್ಪ್ರಿಂಗುಗಳ ನಡುವೆ ಇಟ್ಟೆ. ಮುಚ್ಚಳ ಕೂರಿಸಿ ತಿರುಪು ಬಿಗಿದೆ. ಇಳಿದು ಮೇನ್ ಸ್ವಿಚ್ ಹಾಕಿದೆ, ಕರೆಂಟು ಬಂದಾಗ ದೀಪ ಹತ್ತಿತು. ಆ ರಾತ್ರಿ ಚಿರತೆ ಬರಲಿಲ್ಲ. ಮಾರನೆಯ ರಾತ್ರಿಯೂ ಇಲ್ಲ.

ಕರಿಯಮ್ಮನೂ ಬರಲಿಲ್ಲ. ಗೋಡೆಯ ಬಳಿಯ ಮಾತು ನಿಂತಿತು. ಸಂಜೆ ಬೀಜ ಬಿಡಿಸಲು ಅವಳು ರೊಪ್ಪದ ಆ ತುದಿಗೆ, ಬೆಳಕು ಸೋರಿ ತೆಳುವಾಗುವಲ್ಲಿ ಕೂರುತ್ತಿದ್ದಳು. ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದವನು ನಾನು, ಅವಳಲ್ಲ. ನಿಜವನ್ನು ಬಚ್ಚಿಟ್ಟಿದ್ದ ಎಂಟು ತಿಂಗಳಿಗಿಂತ ನಿಜ ಹೇಳಿದ ಮೇಲಿನ ಎರಡು ತಿಂಗಳು ನನಗೆ ಉದ್ದವಾದವು.

ಬೇಸಿಗೆ ಶುರುವಾಗುವ ಹೊತ್ತಿಗೆ ವೋಲ್ಟೇಜು ಏರಿಳಿದು ಆ ಕೊಳವೆಯೂ ಕೆಟ್ಟಿತು, ಸಿಡಿಯದೆ, ಸದ್ದಿಲ್ಲದೆ. ಸಂಜೆ ನಾನು ಏಣಿ ತಂದು ಒರಗಿಸುವಷ್ಟರಲ್ಲಿ ಕರಿಯಮ್ಮ ಗೋಡೆ ಬಳಸಿ ಬಂದಳು. ಕೈ ಒದ್ದೆಯಿತ್ತು, ಸೋಪಿನ ವಾಸನೆಯಿತ್ತು. “ಈ ಸಲ ನಾನ್ ಹತ್ತೀನಿ,” ಎಂದಳು. “ನೀವ್ ಕೆಳಗ್ ನಿಂತ್ಕಂಡು ಏಣಿ ಹಿಡ್ಕಳಿ. ಹೆಂಗೆ ಅಂತ ಹೇಳ್ಕೊಡಿ.”

ಹೇಳಿಕೊಟ್ಟೆ. ಬಟ್ಟೆ ಕೊಟ್ಟೆ, ಹೊಸ ಕೊಳವೆ ಕೊಟ್ಟೆ. ಕತ್ತೆತ್ತಿ ನಿಂತಾಗ ನನ್ನ ಮುಖದ ನೇರಕ್ಕೆ ಆ ದೀಪದ ಗೂಡಿತ್ತು, ಓಡಿಹೋಗಲು ಏಣಿ ಬಿಡುವಂತಿರಲಿಲ್ಲ. ಎರಡು ತಿಂಗಳ ಹಿಂದೆ ಅವಳು ನಿಂತಿದ್ದ ಜಾಗ ಹೇಗಿರುತ್ತದೆಂದು ಆಗ ತಿಳಿಯಿತು. ಅವಳು ಅವಸರ ಮಾಡಲಿಲ್ಲ. ಮುಚ್ಚಳ ಬಿಗಿದು ಇಳಿದು ಬಂದು, ನನ್ನ ಪಕ್ಕದಲ್ಲೇ ದೀಪದ ಕೆಳಗೆ ನಿಂತು, “ಹಾಕಿ ಸರೋಜಮ್ಮ” ಎಂದಳು.

ಸ್ವಿಚ್ಚಿನ ಸದ್ದು ಕೇಳಿತು. ನಾನು ತಲೆಯ ಮೇಲೆ ಎರಡೂ ಕೈ ಇಟ್ಟು ಕಣ್ಣು ಮುಚ್ಚಿದ್ದೆ. ಮುಂಗೈಗೆ ಒರಟಾದ ಒಂದು ಕೈ ತಗುಲಿತು.

“ಕಣ್ ಬುಡಿ ಮೇಷ್ಟ್ರೇ,” ಎಂದಳು ಕರಿಯಮ್ಮ, “ಹತ್ಕಂಡೈತೆ.”