ಮೊದಲೇ ಹೇಳಿದ ಸಾಕ್ಷಿ

ಉಮ್ಮತ್ತೂರಿನ ದಿಲೀಪನನ್ನು ಗುಂಡ್ಲುಪೇಟೆಯ ತರಕಾರಿ ಮಾರುಕಟ್ಟೆಯಲ್ಲಿ ಯಾರನ್ನು ಕೇಳಿದರೂ ಗುರುತು ಹೇಳುತ್ತಾರೆ. ಹೇಳುವ ಬಗೆ ಮಾತ್ರ ಒಬ್ಬೊಬ್ಬರದು ಒಂದೊಂದು. ‘ಒಂಬತ್ತು ಗಂಟೆಯೊಳಗೆ ಬಂಡೀಪುರದ ಗೇಟು ದಾಟಿಸೋದರಲ್ಲಿ ಅವನ ಸಮ ಇಲ್ಲ’ ಎನ್ನುವವರುಂಟು. ತುಟಿ ಸೊಟ್ಟ ಮಾಡಿ, ‘ಯಾರು, ಮಾತ್ರೆ ದಿಲೀಪನಾ?’ ಎನ್ನುವವರೂ ಉಂಟು. ಎರಡೂ ನಿಜವೇ. ಮೊದಲನೆಯದರ ಹೊಟ್ಟೆಯಲ್ಲೇ ಎರಡನೆಯದು ಹುಟ್ಟಿದ್ದು.

ಎಲೆಕೋಸು, ಬೀನ್ಸು, ಟೊಮೆಟೊ ತುಂಬಿಕೊಂಡು ಕಾಡು ದಾಟಿ ಕೇರಳದ ಬತ್ತೇರಿಗೆ ಹೋಗುವ ಪಿಕಪ್ ಗಾಡಿ ಅವನದು. ರಾತ್ರಿ ಒಂಬತ್ತಕ್ಕೆ ಕಾಡಿನ ಗೇಟು ಬಿತ್ತೆಂದರೆ ಮತ್ತೆ ಬೆಳಗಾಗಲೇಬೇಕು. ಅಷ್ಟರಲ್ಲಿ ತರಕಾರಿ ಬಾಡಿರುತ್ತದೆ, ಅಲ್ಲಿ ಕಾದು ಕೂತ ಅಂಗಡಿಯವನ ತಲೆ ಕಾದಿರುತ್ತದೆ. ಹಮಾಲರು ತಡ ಮಾಡಿದ ದಿನ ದಿಲೀಪ ತಾನೇ ಹೆಗಲು ಕೊಟ್ಟು ಮೂಟೆ ಎತ್ತುತ್ತಿದ್ದ. ಹಾಗೆ ಎತ್ತಿ ಎತ್ತಿ ಒಂದು ಸಾಯಂಕಾಲ ಸೊಂಟ ಹಿಡಿದುಕೊಂಡಿತು. ಜೊತೆಯ ಡ್ರೈವರ್ ನೀಲಕಂಠಸ್ವಾಮಿ ಜೇಬಿನಿಂದ ಒಂದು ನೋವಿನ ಮಾತ್ರೆ ತೆಗೆದುಕೊಟ್ಟ.

“ನುಂಗ್ಲಾ. ಸೊಂಟ ಅನ್ನೋದು ಇತ್ತು ಅನ್ನೋದೇ ಮರ್ತೋಯ್ತದ.”

ಮರೆತೇ ಹೋಯಿತು. ಸೊಂಟವಷ್ಟೇ ಅಲ್ಲ, ಒಂದೊಂದಾಗಿ ಎಲ್ಲವೂ. ಒಂದು ಮಾತ್ರೆ ಎರಡಾಯಿತು, ಎರಡು ನಾಲ್ಕಾಯಿತು, ಮೂರು ವರ್ಷ ಕಳೆಯುವಷ್ಟರಲ್ಲಿ ದಿನಕ್ಕೆ ಹತ್ತು ಮಾತ್ರೆಯ ಒಂದು ಪಟ್ಟಿ ಬೇಕಾಯಿತು. ನುಂಗಿದರೆ ಮಂಪರು, ನುಂಗದಿದ್ದರೆ ಮೈತುಂಬ ಇರುವೆ ಹರಿದಂತೆ ಸಂಕಟ, ಮೂಗು ಕಣ್ಣುಗಳಲ್ಲೆಲ್ಲ ನೀರು. ಒಮ್ಮೆ ಕಾಡಿನ ನಡುವೆಯೇ ಗಾಡಿ ನಿಲ್ಲಿಸಿ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದ; ಅರಣ್ಯದವರು ಬಾಗಿಲು ಬಡಿದು ಎಬ್ಬಿಸಿದಾಗ, ಎದುರಿಗೆ ನಾಲ್ಕು ಮಾರು ದೂರದಲ್ಲಿ ಆನೆಗಳು ರಸ್ತೆ ದಾಟುತ್ತಿದ್ದವು.

ಹೆಂಡತಿ ನಾಗಲಕ್ಷ್ಮಿ ಇದನ್ನೆಲ್ಲ ತಡೆದುಕೊಂಡಳು. ತಡೆದುಕೊಳ್ಳಲಾರದ ದಿನವೂ ಬಂತು. ಮಗಳು ಶಿವಾನಿಗೆ ಜ್ವರ ಏರಿ, ಸಿರಪ್ ತಾ ಎಂದು ಚೀಟಿ ಕೊಟ್ಟು ಕಳಿಸಿದರೆ, ಇವನು ಎರಡು ಗಂಟೆ ಬಿಟ್ಟು ತನ್ನ ಮಾತ್ರೆಯ ಪಟ್ಟಿ ಮಾತ್ರ ಜೇಬಿನಲ್ಲಿಟ್ಟುಕೊಂಡು ಬಂದ. ಚೀಟಿ ಇನ್ನೂ ಕೈಯಲ್ಲೇ ಇತ್ತು. ನಾಗಲಕ್ಷ್ಮಿ ಜ್ವರ ಇಳಿದ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಸಂತೆಮರಹಳ್ಳಿಯ ತವರಿಗೆ ಬಸ್ಸು ಹತ್ತಿದಳು.

ತಾಯಿ ದೊಡ್ಡಮಲ್ಲಮ್ಮ ಮಗನನ್ನು ಮಾದಪ್ಪನ ಬೆಟ್ಟಕ್ಕೆ ಕರೆದೊಯ್ದು, ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದಳು. ಆಣೆ ಮೂರು ದಿನ ಉಳಿಯಿತು. ಆ ಮೇಲೆ ಅವನಿಗೆ ಮನೆಯ ಲಿಂಗದ ಎದುರು ಕೂರುವುದಕ್ಕೂ ಮುಖವಿಲ್ಲದಾಯಿತು.

ಹೀಗಿರುವಾಗ ಊಟಿ ರಸ್ತೆಯಲ್ಲಿ ಗಾಡಿಯ ಟೈರು ಪಂಕ್ಚರ್ ಆಯಿತು. ಅಲ್ಲೇ ಗೋವಿಂದಯ್ಯನ ಪಂಕ್ಚರ್ ಅಂಗಡಿ. ಅರವತ್ತರ ಆಸುಪಾಸಿನ, ಬೆರಳ ಸಂದಿಯಲ್ಲೆಲ್ಲ ಗ್ರೀಸು ಕೂತ ಮನುಷ್ಯ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಾ, ಗುಳ್ಳೆಗಿಂತ ಹೆಚ್ಚಾಗಿ ದಿಲೀಪನನ್ನೇ ನೋಡುತ್ತಿದ್ದ.

“ಕೈ ಯಾಕಪ್ಪ ಇಂಗ್ ನಡುಗ್ತದ?”

“ಚಳಿ ಕಣಯ್ಯ.”

“ಏಪ್ರಿಲ್ ತಿಂಗ್ಳಲ್ಲಾ? ನಂಗೂ ಇಪ್ಪತ್ತು ವರ್ಸ ಇದೇ ಚಳಿ ಇತ್ತು ಬುಡು. ಬೆಳಗಾಗೆದ್ರೆ ಸಾರಾಯಿ ಕುಡಿದ್ರೇ ಮೈ ಕಾಯ್ತಿದ್ದುದು.”

ಗೋವಿಂದಯ್ಯನ ಅಂಗಡಿಯ ಹಿಂದೆ ತಗಡಿನ ಸೂರಿನ ಒಂದು ಕೋಣೆಯಿತ್ತು. ಭಾನುವಾರ ಇಪ್ಪತ್ತು ಮೂವತ್ತು ಜನ ಅಲ್ಲಿ ಚಾಪೆಯ ಮೇಲೆ ಕೂತು ಪ್ರಾರ್ಥನೆ ಮಾಡುತ್ತಿದ್ದರು. ಗೋವಿಂದಯ್ಯನೇ ಅವರ ಪಾಸ್ಟರ್. ಓದು ಕಡಿಮೆ, ಬೈಬಲ್ಲಿನ ಸಾಲುಗಳ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದುವವನು. ಅಂದು ದಿಲೀಪ ಸೊಂಟದ ಕತೆ, ಮಾತ್ರೆಯ ಕತೆ ಹೇಳಿಕೊಂಡಾಗ ಅವನು ಬುದ್ಧಿ ಹೇಳಲಿಲ್ಲ. ಗ್ರೀಸಿನ ಕೈಯನ್ನೇ ಅವನ ತಲೆಯ ಮೇಲಿಟ್ಟು, “ಕರ್ತನೇ, ಇವನ ಸೊಂಟದ ನೋವೂ ನಿಂಗೊತ್ತು, ಇವನ ಸುಳ್ಳೂ ನಿಂಗೊತ್ತು. ಎರಡ್ರಿಂದ್ಲೂ ಬುಡ್ಸು” ಎಂದ. ಮೂರು ವರ್ಷದಿಂದ ದಿಲೀಪನ ಕಣ್ಣಲ್ಲಿ ನೀರು ಬಂದರೆ ಅದು ಮಾತ್ರೆ ಸಿಗದ ಸಂಕಟದ ನೀರಾಗಿತ್ತು. ಅಂದು ಬಂದದ್ದು ಬೇರೆ ನೀರು.

ದಿಲೀಪ ಭಾನುವಾರಗಳಲ್ಲಿ ಹೋಗತೊಡಗಿದ. ದೊಡ್ಡಮಲ್ಲಮ್ಮ ಒಂದೇ ಮಾತಿನಲ್ಲಿ ಮುಗಿಸಿದಳು: “ಯಾವ ದ್ಯಾವ್ರಾದ್ರೂ ಸರಿ ಕಣಪ್ಪ, ಆ ಮಾತ್ರೆಯ ಕೈಯಿಂದ ನಿನ್ನ ಕಿತ್ಕೊಳ್ಳಲಿ.” ಒಮ್ಮೆ ಐದು ದಿನ ಮಾತ್ರೆಯಿಲ್ಲದೆ ಕಳೆದ. ಹಿಂದೆಂದೂ ಹಾಗಾಗಿರಲಿಲ್ಲ. ನಿಜಕ್ಕೂ ಯಾರೋ ಹಿಡಿದುಕೊಂಡಂತಿತ್ತು. ಆರನೆಯ ದಿನ ಮೂಟೆ ಎತ್ತಿದ, ಸೊಂಟ ಸೀಳಿತು, ನುಂಗಿದ.

ಆ ಕೋಣೆಯಲ್ಲಿ ಒಂದು ಪದ್ಧತಿ. ಯಾರಿಗೆ ಒಳ್ಳೆಯದಾಯಿತೋ ಅವರು ಎದ್ದುನಿಂತು ನಾಲ್ಕು ಜನರ ಎದುರು ಅದನ್ನು ಹೇಳಬೇಕು. ಅದಕ್ಕೆ ಸಾಕ್ಷಿ ಹೇಳುವುದು ಎನ್ನುತ್ತಾರೆ. ದಿಲೀಪ ಐದು ದಿನದ ಖುಷಿಯಲ್ಲಿ ನಾಗಲಕ್ಷ್ಮಿಗೆ ಫೋನು ಮಾಡಿ, ಭಾನುವಾರ ಬಾ, ನೀನೇ ನೋಡು ಎಂದಿದ್ದ. ಅವಳು ಬಂದಳು, ಶಿವಾನಿಯ ಕೈ ಹಿಡಿದು. ಅಷ್ಟರಲ್ಲಿ ಆರನೆಯ ದಿನ ಆಗಿಹೋಗಿತ್ತು. ಬಾಗಿಲ ಬಳಿ ಕೂತ ಹೆಂಡತಿಯ ಮುಖ ನೋಡಿದವನು ಎದ್ದುನಿಂತೇಬಿಟ್ಟ.

“ಪೂರಾ ಬುಟ್ಬುಟ್ಟೆ. ತಿಂಗಳಾಯ್ತು. ಆಸ್ಪತ್ರೆ ಇಲ್ಲ, ಔಸ್ದಿ ಇಲ್ಲ. ಬರೀ ಪ್ರಾರ್ಥನೇಲೇ ಬುಟ್ಟೆ.”

ತಗಡಿನ ಸೂರು ನಡುಗುವಂತೆ ಎಲ್ಲರೂ ಸ್ತೋತ್ರ ಎಂದರು. ಗೋವಿಂದಯ್ಯ ಚಪ್ಪಾಳೆ ತಟ್ಟಿದ. ನಾಗಲಕ್ಷ್ಮಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಅಂದು ಸಂಜೆಯೇ ಉಮ್ಮತ್ತೂರಿನ ಮನೆಗೆ ಬಂದಳು. ದಿಲೀಪ ಈಗ ಮನೆಯೊಳಗೆ ಗಂಡ, ಗಾಡಿಯ ಸೀಟಿನ ಕೆಳಗೆ ಮಾತ್ರೆ ಬಚ್ಚಿಟ್ಟ ಕಳ್ಳ. ಅವಳು ಬಡಿಸಿದ ಮುದ್ದೆ ಮುರಿಯುತ್ತಾ, ನಾಳೆ ಬಿಡುತ್ತೇನೆ, ಬಿಟ್ಟಮೇಲೆ ಹೇಳಿದ್ದು ನಿಜವೇ ಆಗುತ್ತದಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಆ ಭಾನುವಾರ ಕೋಣೆಯಲ್ಲಿ ನೀಲಕಂಠಸ್ವಾಮಿಯೂ ಇದ್ದ. ಮೊದಲ ಮಾತ್ರೆ ಕೊಟ್ಟವನು ಅವನೇ ತಾನೇ. ಅವನೂ ಅದೇ ಕೆಸರಿನಲ್ಲಿದ್ದ. ಚಾಮರಾಜನಗರದ ಒಬ್ಬ ಡಾಕ್ಟರು ಮಾತ್ರೆ ಬಿಡಿಸಲು ಅವನಿಗೆ ಬೇರೆ ಔಷಧಿ ಕೊಟ್ಟು, ದಿನದಿನಕ್ಕೂ ಇಳಿಸುತ್ತಾ ಬಂದಿದ್ದರು. ದಿಲೀಪನ ಮಾತು ಕೇಳಿ ಮನೆಗೆ ಹೋದವನೇ ಆ ಔಷಧಿಯನ್ನೆಲ್ಲ ಚರಂಡಿಗೆ ಸುರಿದು, ಮಂಡಿಯೂರಿ ಕೂತುಬಿಟ್ಟ. ನಾಲ್ಕನೆಯ ದಿನ ಅಂಗಳದಲ್ಲೇ ಫಿಟ್ಸು ಬಂದು, ಕಲ್ಲಿಗೆ ತಲೆ ಬಡಿದು, ಜ್ಞಾನ ತಪ್ಪಿತು.

ಸುದ್ದಿ ಕೇಳಿ ದಿಲೀಪ ಚಾಮರಾಜನಗರದ ಆಸ್ಪತ್ರೆಗೆ ಓಡಿದ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ನೀಲಕಂಠಸ್ವಾಮಿಯ ಹೆಂಡತಿ ನಾಗರತ್ನ ಕೂತಿದ್ದಳು. ಇವನನ್ನು ಕಂಡವಳೇ ಎದ್ದು ಕೈ ಹಿಡಿದುಕೊಂಡಳು.

“ಬಂದ್ಯಾ ಅಣ್ಣಾ? ನೀನು ಪ್ರಾರ್ಥ್ನೆ ಮಾಡು. ನಿನ್ ಪ್ರಾರ್ಥ್ನೆ ಕೇಳ್ತಾನೆ ದೇವ್ರು. ನೀನು ಹಂಗೇ ಬುಡ್ಲಿಲ್ವಾ? ನಮ್ಮೆಜಮಾನ್ರು ಏನ್ ತಪ್ಪು ಮಾಡುದ್ರು, ಯಾಕಿಂಗಾಯ್ತು, ಯೇಳಣ್ಣ.”

ದಿಲೀಪನ ಅಂಗಿಯ ಜೇಬಿನಲ್ಲಿ ಅರ್ಧ ಪಟ್ಟಿ ಮಾತ್ರೆಯಿತ್ತು. ನೀರು ಕುಡಿದು ಬರುತ್ತೇನೆಂದು ಹೊರಗೆ ಬಂದ. ಗಾಡಿ ಹತ್ತಿ ಓಡಿಹೋಗಬಹುದಿತ್ತು. ನಿಜ ಹೇಳಿದರೆ ನಾಗಲಕ್ಷ್ಮಿ ಹೋಗುತ್ತಾಳೆ, ಈ ಸಲ ಹೋದರೆ ಬರುವುದಿಲ್ಲ. ಅದು ಅವನಿಗೆ ಅಂಗೈಗೆರೆಯಷ್ಟು ಸ್ಪಷ್ಟವಾಗಿತ್ತು. ಗಾಡಿಯೊಳಗೆ ಕೂತು ಬಾಗಿಲು ಹಾಕಿಕೊಂಡ. ಅಲ್ಲಿಯವರೆಗೆ ಮಾಡಿದ ಪ್ರಾರ್ಥನೆಗಳೆಲ್ಲ ‘ಬುಡ್ಸು, ಬುಡ್ಸು’ ಎಂದಿದ್ದವು. ಈಗ ಬಾಯಿಗೆ ಬಂದದ್ದು ಒಂದೇ: “ಏಸಪ್ಪ, ನಾನು ಸುಳ್ಳ. ಯೇಳೋಕೆ ನಾಲ್ಗೆ ಕೊಡು.” ಭಯವೇನೂ ಹೋಗಲಿಲ್ಲ. ಭಯದ ಜೊತೆಯಲ್ಲೇ ಕಾಲುಗಳು ಎದ್ದವು. ಅದೇ ಅವನಿಗೆ ಸಿಕ್ಕ ಉತ್ತರ.

ನಾಗರತ್ನಳ ಎದುರು ಆ ಅರ್ಧ ಪಟ್ಟಿಯನ್ನು ಬೆಂಚಿನ ಮೇಲಿಟ್ಟ. “ನಾ ಬುಟ್ಟಿಲ್ಲ ಕಣವ್ವ. ಇವತ್ತೂ ನುಂಗಿವ್ನಿ. ಸುಳ್ಳು ಯೇಳ್ದೆ.”

ಅವಳು ಪಟ್ಟಿಯನ್ನು ನೋಡಿದಳು, ಅವನನ್ನು ನೋಡಿದಳು. “ನಿನ್ ಮಾತ್ ನಂಬಿ ನನ್ ತಾಳಿ ಅಡ ಇಟ್ಬುಟ್ನಲ್ಲೋ” ಎಂದಳು. ಪಟ್ಟಿಯನ್ನು ಅವನ ಕಡೆಗೆ ತಳ್ಳಿ, “ಎಲ್ಲಿ ನಿಂತ್ಕಂಡು ಯೇಳಿದ್ಯೋ ಅಲ್ಲೇ ನಿಂತ್ಕಂಡು ಯೇಳೋಗು” ಎಂದಳು.

ಮೂರು ದಿನಕ್ಕೆ ನೀಲಕಂಠಸ್ವಾಮಿಗೆ ಪ್ರಜ್ಞೆ ಮರಳಿತು. ಆ ಭಾನುವಾರ ದಿಲೀಪ ಅದೇ ಕೋಣೆಯಲ್ಲಿ ಎದ್ದುನಿಂತು ಎಲ್ಲವನ್ನೂ ಹೇಳಿದ. ಸ್ತೋತ್ರವಿಲ್ಲ, ಚಪ್ಪಾಳೆಯಿಲ್ಲ. ನಾಗಲಕ್ಷ್ಮಿ ಅವನ ಮಾತು ಮುಗಿಯುವವರೆಗೆ ಕೂತಿದ್ದು, ಶಿವಾನಿಗೆ ಚಪ್ಪಲಿ ಹಾಕಿಸಿ, ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು. ಅವನು ಹಿಂದೆ ಹೋಗಲಿಲ್ಲ. ಹೋಗುವ ಹಕ್ಕಿಲ್ಲ ಎಂದು ನಿಂತೇ ಇದ್ದ.

ಗೋವಿಂದಯ್ಯ ಬಂದು ಪಕ್ಕದಲ್ಲಿ ನಿಂತ. “ನಂದೂ ತಪ್ಪದ ಕಣ್ಲಾ. ಒಂದು ಮಾತೂ ಕೇಳ್ದೆ ಚಪ್ಪಾಳೆ ತಟ್ಬುಟ್ಟೆ. ಟ್ಯೂಬಿಗೆ ತೇಪೆ ಹಾಕುದ್ಮೇಲೆ ನೀರಲ್ಲಿ ಅದ್ದಿ ನೋಡೋನು, ಮನುಸ್ಯನ್ನ ನೋಡ್ನಿಲ್ಲ. ನಾಳೆ ಚಾಮರಾಜನಗರದ ಆ ಡಾಕ್ಟ್ರ ತಾವ್ಕೆ ಓಗನ.”

“ಪ್ರಾರ್ಥ್ನೆ?”

“ಡಾಕ್ಟ್ರ ಔಸ್ದಿನೂ ನುಂಗು, ಮಂಡಿನೂ ಊರು. ದೇವ್ರು ಯಾವ ಕೈಲಿ ಕೊಟ್ರೇನು?”

ಮುಂದಿನ ದಿನಗಳನ್ನು ದಿಲೀಪ ಡಾಕ್ಟರ ಔಷಧಿ ನುಂಗುತ್ತಾ ಅಂಗಡಿಯ ಹಿಂದಿನ ಆ ಕೋಣೆಯಲ್ಲೇ ಕಳೆದ. ವಾಂತಿ, ಬೆವರು, ಗೋಡೆಗೆ ತಲೆ ಚಚ್ಚಿಕೊಳ್ಳುವಂಥ ಸಂಕಟ. ಗೋವಿಂದಯ್ಯನ ಹೆಂಡತಿ ಸುಂದ್ರಮ್ಮ ಗಂಜಿ ಕುಡಿಸುತ್ತಾ, “ಉಗುಳುದ್ರೆ ಇನ್ನೊಂದು ಲೋಟ ಕೊಡ್ತೀನಿ, ನೋಡ್ಕೊ” ಎಂದು ಗದರುತ್ತಿದ್ದಳು. ಪ್ರಾರ್ಥನೆ ಮಾಡಲು ಮಾತೇ ಬಾರದ ದಿನ ಅವನು ಬರೀ ಏಸಪ್ಪನ ಹೆಸರು ಕರೆಯುತ್ತಾ ಬಿದ್ದಿರುತ್ತಿದ್ದ. ಹೆಸರಿಗೇ ಆತುಕೊಂಡು ಒಂದು ತಾಸು, ಮತ್ತೊಂದು ತಾಸು ದಾಟಿದ. ಬಿಡುಗಡೆ ಬಂದದ್ದು ಸಿಡಿಲಿನಂತಲ್ಲ. ಒಂದು ಬೆಳಿಗ್ಗೆ ಹಸಿವಾಯಿತು, ಇಡ್ಲಿ ತಿಂದ, ಮಾತ್ರೆ ನೆನಪಾದದ್ದು ಮಧ್ಯಾಹ್ನಕ್ಕೆ. ಆಗ ತನಗೇ ಬೆರಗಾಗಿ ಅಂಗಡಿಯ ಟೈರುಗಳ ನಡುವೆಯೇ ಮಂಡಿಯೂರಿದ.

ಈಗ ಅವನು ಪಿಕಪ್ ಓಡಿಸುತ್ತಾನೆ, ಮೂಟೆ ಮುಟ್ಟುವುದಿಲ್ಲ. ಹಮಾಲರು ತಡ ಮಾಡಿದರೆ ಗೇಟು ಬಿದ್ದುಹೋಗಲಿ ಎಂದು ಸುಮ್ಮನಿರುತ್ತಾನೆ. ನೀಲಕಂಠಸ್ವಾಮಿ ಎಡಗಾಲು ಸ್ವಲ್ಪ ಎಳೆಯುತ್ತಾ ನಡೆಯುತ್ತಾನೆ. ಅದನ್ನು ಕಂಡಾಗಲೆಲ್ಲ ದಿಲೀಪನ ಮುಖ ಕಪ್ಪಿಡುತ್ತದೆ. ನಾಗರತ್ನ ಇವತ್ತಿಗೂ ಅವನ ಜೊತೆ ಮಾತಾಡುವುದಿಲ್ಲ.

ಒಂದು ಭಾನುವಾರ ನಾಗಲಕ್ಷ್ಮಿ ಹೇಳದೆ ಕೇಳದೆ ಬಂದು ಕೋಣೆಯ ಹಿಂದೆ ಕೂತಳು. ಆಮೇಲೆ ಆಗಾಗ ಬರತೊಡಗಿದಳು. ಸಂಜೆಯ ಬಸ್ಸಿಗೆ ಸಂತೆಮರಹಳ್ಳಿಗೆ ಹಿಂತಿರುಗುತ್ತಾಳೆ. ಮೊನ್ನೆ ಗೋವಿಂದಯ್ಯ ಕೇಳಿದ, “ದಿಲೀಪ, ವರ್ಸ ಆಯ್ತಲ್ಲ, ಸಾಕ್ಷಿ ಯೇಳ್ತೀಯಾ?”

ದಿಲೀಪ ಎದ್ದೇಳಲಿಲ್ಲ. “ನಾ ಯೇಳಲ್ಲ ಅಯ್ಯ. ಯೇಳೋದಿದ್ರೆ ಅವ್ಳು ಯೇಳ್ಲಿ.”

ಎಲ್ಲರ ತಲೆಯೂ ಹಿಂದಕ್ಕೆ ತಿರುಗಿತು. ನಾಗಲಕ್ಷ್ಮಿ ಮಡಿಲಲ್ಲಿ ಮಲಗಿದ್ದ ಶಿವಾನಿಯ ತಲೆಕೂದಲನ್ನು ಸರಿಪಡಿಸುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದಳು:

“ಇನ್ನೂ ನೋಡ್ತಾ ಇವ್ನಿ.”